ಫೆಬ್ರವರಿ ಏಳರ ಖಾಲಿ ಚೌಕ

ಫೋರ್ಟ್ ಲೀಯ ನಮ್ಮ ಅಡುಗೆಮನೆಯಲ್ಲಿ, ಫ್ರಿಜ್ ಪಕ್ಕದ ಗೋಡೆಗೆ ಒಂದು ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ನೇತಾಡುತ್ತಿರುತ್ತದೆ. ಏಕಾದಶಿ, ಸಂಕಷ್ಟಿ ನೋಡೋದಕ್ಕೆ ಅಂತ ನಾವು ತರಿಸಿದ್ದಲ್ಲ. ತುಮಕೂರಿನ ಅಪ್ಪ ಕಳಿಸೋದು. ತುಮಕೂರು ಅಂದರೆ ಇಲ್ಲಿ ಊರಲ್ಲ, ನಮ್ಮ ರೂಮ್‌ಮೇಟ್. ನಾವು ಮೂವರು: ತುಮಕೂರು, ಕಾಸರಗೋಡು, ಮೈಸೂರು. ಮೂವರೂ ಇಂಜಿನಿಯರಿಂಗ್ ಮುಗಿಸಿ ಬಂದವರು, ಮೂವರೂ ಬೆಳಗ್ಗೆ ಜಾರ್ಜ್ ವಾಷಿಂಗ್ಟನ್ ಸೇತುವೆ ದಾಟುವ ಬಸ್ಸಿಗೆ ಓಡುವವರು. ಹೆಸರು ಹಿಡಿದು ಕರೆಯೋ ಅಭ್ಯಾಸ ಮೊದಲ ತಿಂಗಳಲ್ಲೇ ಹೋಯಿತು.

ಹೋದ ವರ್ಷ ಬಂದ ಕ್ಯಾಲೆಂಡರ್‌ನಲ್ಲಿ ಫೆಬ್ರವರಿ 7ರ ಚೌಕದೊಳಗೆ ಕೆಂಪು ಪೆನ್ನಿನಲ್ಲಿ '10/74' ಅಂತ ಬರೆದಿತ್ತು. ಏನೋ ಗ್ಯಾಸ್ ಬುಕ್ಕಿಂಗ್ ಲೆಕ್ಕ ಇರಬೇಕು ಅಂದುಕೊಂಡೆವು. ತುಮಕೂರು ನಕ್ಕ. "ಅದು ನಮ್ಮಪ್ಪನ ಹಬ್ಬ ಕಣ್ರೋ" ಅಂದ. 2000ದಿಂದ ಒಂದು ವರ್ಷವೂ ಬಿಡದೆ, ಹೊಸ ಕ್ಯಾಲೆಂಡರ್ ಮನೆಗೆ ಬಂದ ದಿನವೇ ಅವರು ಮೊದಲು ಬರೆಯೋದು ಅದನ್ನಂತೆ. ಹುಟ್ಟುಹಬ್ಬ, ಎಲ್‌ಐಸಿ ಕಂತು ಎಲ್ಲ ಆಮೇಲೆ.

1999ರ ಫೆಬ್ರವರಿ 7, ಭಾನುವಾರ. ದೆಹಲಿಯ ಫಿರೋಜ್ ಷಾ ಕೋಟ್ಲಾ. ನಾವು ಮೂವರೂ ಇನ್ನೂ ಹುಟ್ಟಿಯೇ ಇರಲಿಲ್ಲ, ಆದರೂ ಸ್ಕೋರ್‌ಕಾರ್ಡ್ ಬಾಯಿಪಾಠ. ವಾರದ ಹಿಂದಷ್ಟೇ ಚೆನ್ನೈನಲ್ಲಿ ಸಚಿನ್ 136 ಹೊಡೆದೂ ಭಾರತ 12 ರನ್‌ಗಳಿಂದ ಸೋತಿತ್ತು. ಇಲ್ಲಿ ಪಾಕಿಸ್ತಾನಕ್ಕೆ ಬೇಕಾದದ್ದು 420. ಸಯೀದ್ ಅನ್ವರ್, ಶಾಹಿದ್ ಅಫ್ರಿದಿ ಊಟದವರೆಗೆ ವಿಕೆಟ್ ಕೊಡದೆ 101 ಹೊಡೆದರು. ಊಟದ ನಂತರ ಕುಂಬ್ಳೆ ಬೌಲಿಂಗ್ ತುದಿ ಬದಲಿಸಿದರು. ಆಮೇಲೆ ನಡೆದದ್ದು ಗೊತ್ತೇ ಇದೆ: 26.3 ಓವರ್, 9 ಮೇಡನ್, 74 ರನ್, 10 ವಿಕೆಟ್. ಪಾಕಿಸ್ತಾನ 207ಕ್ಕೆ ಆಲೌಟ್. ಅದಕ್ಕೆ ಮೊದಲು ಟೆಸ್ಟ್‌ನ ಒಂದು ಇನ್ನಿಂಗ್ಸ್‌ನಲ್ಲಿ ಹತ್ತೂ ವಿಕೆಟ್ ಪಡೆದಿದ್ದವರು ಒಬ್ಬರೇ, 1956ರಲ್ಲಿ ಜಿಮ್ ಲೇಕರ್.

ಆವತ್ತು ಕಣದಲ್ಲಿ ಕರ್ನಾಟಕದ ನಾಲ್ವರಿದ್ದರು: ದ್ರಾವಿಡ್, ಕುಂಬ್ಳೆ, ಶ್ರೀನಾಥ್, ವೆಂಕಟೇಶ್ ಪ್ರಸಾದ್. ಅಂಪೈರ್ ಎ.ವಿ. ಜಯಪ್ರಕಾಶ್ ಅವರೂ ಕರ್ನಾಟಕದವರೇ. ನಮ್ಮ ಮನೆಯಲ್ಲಿ ಜಗಳ ಶುರುವಾಗೋದು ಇಲ್ಲಿಂದ. ಕಾಸರಗೋಡಿನವನಿಗೆ ಕುಂಬ್ಳೆ ಪೂರ್ತಿ ತನ್ನ ಸ್ವತ್ತು: "ನಮ್ಮೂರ ಪಕ್ಕದ ಕುಂಬಳೆಯ ಹೆಸರೇ ಅವರ ಹೆಸರಲ್ಲುಂಟು, ನಿಮ್ಮದೆಂತ ಉಂಟು?" ಅವರು ಓದಿದ್ದು ಬೆಂಗಳೂರಿನ ಆರ್‌ವಿ ಕಾಲೇಜಿನಲ್ಲಿ, ಮೆಕ್ಯಾನಿಕಲ್, ಅಂತ ಎಷ್ಟು ಹೇಳಿದರೂ ಕೇಳೋದಿಲ್ಲ. ಮೈಸೂರಿನ ಪಾಲಿಗೆ ಉಳಿಯೋದು ಎಸ್‌ಜೆಸಿಇಯ ಶ್ರೀನಾಥ್. ಶ್ರೀನಾಥ್ ಪಾಲಿಗೆ ಆವತ್ತು ಸಿಕ್ಕಿದ್ದು ವಿಚಿತ್ರ ಕೆಲಸ. ಒಂಬತ್ತು ವಿಕೆಟ್ ಬಿದ್ದ ಮೇಲೆ ಅವರ ಓವರ್ ಬಂತು. ವಿಕೆಟ್ ತೆಗೆಯೋದೇ ಕಸುಬಾದ ಮನುಷ್ಯ, ತಪ್ಪಿಯೂ ವಿಕೆಟ್ ಬೀಳಬಾರದು ಅಂತ ಸ್ಟಂಪ್‌ನಿಂದ ದೂರ ದೂರ ಎಸೆದರು, ವೈಡ್ ಕೂಡ ಹಾಕಿದರು. ಮುಂದಿನ ಓವರ್‌ನ ಮೂರನೇ ಎಸೆತಕ್ಕೆ ವಾಸಿಂ ಅಕ್ರಮ್, ಶಾರ್ಟ್ ಲೆಗ್‌ನಲ್ಲಿ ಲಕ್ಷ್ಮಣ್ ಕೈಗೆ.

ತುಮಕೂರಿನ ಅಪ್ಪ ಅದನ್ನು ನೋಡಿದ್ದಲ್ಲ, ಕೇಳಿದ್ದು. ಕರೆಂಟ್ ಇರಲಿಲ್ಲವಂತೆ, ರೇಡಿಯೊ ಹಿಡಿದು ಗೇಟಿನ ಹತ್ತಿರ ನಿಂತಿದ್ದರಂತೆ. ಅವರಿಗೆ ಹತ್ತನೇ ವಿಕೆಟ್‌ಗಿಂತ ಶ್ರೀನಾಥರ ಆ ಓವರ್ ಮೇಲೆ ಪ್ರೀತಿ ಹೆಚ್ಚು. ಹೋದ ವರ್ಷ ವಿಡಿಯೊ ಕಾಲ್‌ನಲ್ಲಿ ಇಪ್ಪತ್ತು ನಿಮಿಷ ಅದನ್ನೇ ಹೇಳಿದರು.

ಆ ಕಾಲ್ ಆದ ಮೇಲೆ ನಮಗೂ ಹುಚ್ಚು ಹತ್ತಿತು. ಈ ಒಂದು ತಾರೀಖಿನಲ್ಲಿ ಇನ್ನೇನೇನು ಆಗಿದೆ ಅಂತ ಹುಡುಕಿ ಆ ಚೌಕದ ಸುತ್ತ ಪೆನ್ಸಿಲ್‌ನಲ್ಲಿ ಬರೆಯತೊಡಗಿದೆವು. 2023ರ ಫೆಬ್ರವರಿ 7ರ ರಾತ್ರಿ ಲೆಬ್ರಾನ್ ಜೇಮ್ಸ್, ಕರೀಮ್ ಅಬ್ದುಲ್ ಜಬ್ಬಾರರ 38,387 ಪಾಯಿಂಟ್‌ಗಳ ದಾಖಲೆ ಮುರಿದದ್ದು, ಕರೀಮ್ ಅಲ್ಲೇ ಕೂತು ನೋಡಿದ್ದು. ಆ ಆಟ ಲೇಕರ್ಸ್ ಸೋತಿತು ಅನ್ನೋದನ್ನು ಯಾರೂ ನೆನಪಿಡೋದಿಲ್ಲ. 2021ರ ಅದೇ ದಿನ ಟಾಮ್ ಬ್ರೇಡಿ ನಲವತ್ಮೂರನೇ ವಯಸ್ಸಿನಲ್ಲಿ ಏಳನೇ ಸೂಪರ್ ಬೌಲ್ ಗೆದ್ದದ್ದು. ಅದೇ ದಿನ ಚಟ್ಟೋಗ್ರಾಮ್‌ನಲ್ಲಿ ಕೈಲ್ ಮೇಯರ್ಸ್ ಮೊದಲ ಟೆಸ್ಟ್‌ನಲ್ಲೇ ಔಟಾಗದೆ 210 ಹೊಡೆದು ವೆಸ್ಟ್ ಇಂಡೀಸ್‌ಗೆ 395 ಚೇಸ್ ಮಾಡಿಕೊಟ್ಟದ್ದು. ನಮ್ಮ ಪ್ರಕಾರ ಬ್ರೇಡಿಗಿಂತ ಇದೇ ದೊಡ್ಡದು, ಆದರೆ ಇಲ್ಲಿ ಯಾರಿಗೆ ಹೇಳೋಣ?

ಎಲ್ಲಕ್ಕಿಂತ ಒಳ್ಳೆಯದು ಸಿಕ್ಕಿದ್ದು ಲ್ಯಾಬ್‌ನಲ್ಲಿರುವ ಕೆನಡಾದ ಹುಡುಗನಿಂದ. 1976ರ ಫೆಬ್ರವರಿ 7ರಂದು ಟೊರೊಂಟೊದಲ್ಲಿ ಡ್ಯಾರಿಲ್ ಸಿಟ್ಲರ್ ಒಂದೇ ಐಸ್ ಹಾಕಿ ಪಂದ್ಯದಲ್ಲಿ ಆರು ಗೋಲು, ನಾಲ್ಕು ಅಸಿಸ್ಟ್, ಒಟ್ಟು ಹತ್ತು ಪಾಯಿಂಟ್ ಗಳಿಸಿದ್ದ. ಎನ್‌ಎಚ್‌ಎಲ್‌ನಲ್ಲಿ ಅದನ್ನು ಇವತ್ತಿಗೂ ಯಾರೂ ಮುರಿದಿಲ್ಲ. ಅಲ್ಲೂ ಹತ್ತು, ಇಲ್ಲೂ ಹತ್ತು! ಅವನಿಗೆ ವಿಕೆಟ್ ಅಂದರೇನು ಅಂತ ಹೇಳಿಕೊಡೋದರಲ್ಲಿ ಒಂದು ಮಧ್ಯಾಹ್ನ ಹೋಯಿತು. ಈ ಸುದ್ದಿಯನ್ನು ಅಂಕಲ್‌ಗೆ ಮುಂದಿನ ಫೆಬ್ರವರಿಯಲ್ಲೇ ಹೇಳಬೇಕು ಅಂತ ಕಟ್ಟಿಟ್ಟುಕೊಂಡಿದ್ದೆವು.

ಈ ವರ್ಷದ ಕ್ಯಾಲೆಂಡರ್ ಜನವರಿಯಲ್ಲಿ, ಪರಿಚಯದವರೊಬ್ಬರ ಸೂಟ್‌ಕೇಸಿನಲ್ಲಿ, ಚಟ್ನಿಪುಡಿ, ಕೋಡುಬಳೆ ಜೊತೆ ನೂವರ್ಕ್‌ನಲ್ಲಿ ಇಳಿಯಿತು. ಎರಡನೇ ಹಾಳೆ ತಿರುಗಿಸಿದರೆ ಏಳರ ಚೌಕ ಖಾಲಿ. "ಅಂಕಲ್‌ಗೆ ವಯಸ್ಸಾಯ್ತು, ಮರೆತಿದ್ದಾರೆ" ಅಂತ ಕಾಸರಗೋಡು ತಮಾಷೆ ಮಾಡಿದ. ತುಮಕೂರು ನಗಲಿಲ್ಲ. ಕೋಡುಬಳೆ ಡಬ್ಬಿ ಮುಚ್ಚಿಟ್ಟು ಒಳಗೆ ಹೋದ.

ಅವನಿಗೆ ಆಗಲೇ ಏನೋ ಅನುಮಾನವಿತ್ತಂತೆ. ನವೆಂಬರ್‌ನಿಂದ ಅಪ್ಪ ವಿಡಿಯೊಗೆ ಬರುತ್ತಿರಲಿಲ್ಲ. "ಮಲಗಿದ್ದಾರೆ", "ವಾಕಿಂಗ್ ಹೋಗಿದ್ದಾರೆ", "ನೆಟ್‌ವರ್ಕ್ ಸರಿ ಇಲ್ಲ". ಬಂದರೂ ಅಮ್ಮ ಫೋನನ್ನು ಫ್ಯಾನಿನ ಕಡೆ ತಿರುಗಿಸಿರುತ್ತಿದ್ದರು. ಇಲ್ಲಿರುವ ನಾವೆಲ್ಲ ಅಷ್ಟನ್ನು ನಂಬುತ್ತೇವೆ, ನಂಬಿದರೆ ಅನುಕೂಲ ಅಂತ.

ಫೆಬ್ರವರಿ 6ರ ರಾತ್ರಿ, ಅಲ್ಲಿ ಏಳರ ಬೆಳಗ್ಗೆ, ಅವನು ಫೋನ್ ಮಾಡಿದ. ನಾವಿಬ್ಬರೂ ಅಡುಗೆಮನೆಯಲ್ಲೇ ಇದ್ದೆವು, ಸಿಟ್ಲರ್ ಸುದ್ದಿ ಹೇಳೋಕೆ. ಅವನು ಕೇಳಿದ್ದು ಒಂದೇ ಪ್ರಶ್ನೆ: "ಅಮ್ಮಾ, ಅಪ್ಪ ಯಾಕೆ ಬರೆದಿಲ್ಲ?" ಆ ಕಡೆ ಸ್ವಲ್ಪ ಹೊತ್ತು ಕುಕ್ಕರ್ ಸದ್ದು ಮಾತ್ರ. ಆಮೇಲೆ ಅವರು ಅತ್ತರು. ದೀಪಾವಳಿ ಕಳೆದ ಮೇಲೆ ಸ್ಟ್ರೋಕ್ ಆಗಿತ್ತು. ಹನ್ನೊಂದು ದಿನ ಆಸ್ಪತ್ರೆ. ಮಾತು ಮರಳಿದೆ, ಬಲಗೈ ಇನ್ನೂ ಇಲ್ಲ. "ನಿನ್ನ ಪರೀಕ್ಷೆ ಇತ್ತಲ್ಲಪ್ಪ, ಇಂಟರ್‌ವ್ಯೂ ಬೇರೆ."

ಫೋನ್ ಇಟ್ಟ ಮೇಲೆ ಅವನು ಬೈದ. ಅಮ್ಮನನ್ನು, ಅಕ್ಕನನ್ನು, ಕೋಡುಬಳೆ ತಂದವರನ್ನೂ. "ಎಲ್ಲಾ ಸೇರಿ ವೈಡ್ ಹಾಕ್ತಾ ಇದ್ರು ಕಣ್ರೋ. ನಂಗೆ ಯಾರೂ ಕೇಳಲೇ ಇಲ್ಲ." ನಮಗೆ ಸಮಾಧಾನ ಮಾಡೋಕೆ ಬರಲಿಲ್ಲ. ನಮ್ಮ ಮನೆಯವರು ಹೇಳದೇ ಇರೋದು ಏನೇನಿದೆಯೋ ಅಂತ ನಮ್ಮ ತಲೆ ಓಡುತ್ತಿತ್ತು. ಮೈಸೂರು ಆ ರಾತ್ರಿಯೇ ಮನೆಗೆ ಫೋನ್ ಮಾಡಿ ಅಪ್ಪ ಅಮ್ಮ ಇಬ್ಬರನ್ನೂ ಕ್ಯಾಮೆರಾ ಮುಂದೆ ನಡೆಸಿತು, ನಾಚಿಕೆಯಿಲ್ಲದೆ.

ತಕ್ಷಣ ಹೋಗಿಬಿಡೋಣ ಅಂದರೆ ಟಿಕೆಟ್ ದುಡ್ಡು, ಅರ್ಧ ಸೆಮಿಸ್ಟರ್, ವೀಸಾ ಸ್ಟ್ಯಾಂಪಿಂಗ್ ಭಯ. ಲೆಕ್ಕ ಹಾಕಿ ಹಾಕಿ ಬೆಳಗಿನ ಮೂರಾಯಿತು. ಹೊರಗೆ ಸೇತುವೆ ಕಡೆಯಿಂದ ಲಾರಿಗಳ ಸದ್ದು. ಅಷ್ಟರಲ್ಲಿ ಅಂಕಲ್ ತಾವೇ ಫೋನ್ ಮಾಡಿದರು. ಮೊದಲ ಸಲ ಮುಖ ಕಾಣಿಸಿತು, ಒಂದು ಕಡೆ ಸ್ವಲ್ಪ ಇಳಿದಿತ್ತು. "ಏನ್ರಪ್ಪಾ, ಹಬ್ಬದ ದಿನ ಮೂವರೂ ಸೂತಕದ ಮುಖ ಮಾಡ್ಕೊಂಡಿದ್ದೀರ" ಅಂದರು. ಮಾತು ನಿಧಾನ. ಕಾಸರಗೋಡು ಸಿಟ್ಲರ್ ಕಥೆ ಹೇಳಿದ, ತಡವರಿಸುತ್ತಾ. ಅವರು ಪೂರ್ತಿ ಕೇಳಿ, "ಒಂಬತ್ತು ಆದ ಮೇಲೆ ಅವನಿಗೆ ಪಾಸ್ ಕೊಟ್ಟವರು ಯಾರು?" ಅಂತ ಕೇಳಿದರು. ನಾವು ನೋಡಿರಲಿಲ್ಲ.

ಬರೆದುಬಿಡಲಾ ಅಂತ ಕಾಸರಗೋಡು ಕೆಂಪು ಪೆನ್ನು ತೆಗೆದಿದ್ದ. ತುಮಕೂರು ಬೇಡ ಅಂದ. ಮಾರ್ಚ್ ಬಂದಾಗ ಫೆಬ್ರವರಿಯ ಹಾಳೆಯನ್ನು ಹರಿದು, ಮಡಚದೆ, ಸೂಟ್‌ಕೇಸಿನ ತಳದಲ್ಲಿ ಇಟ್ಟ. ಅಂಕಲ್ ಎಡಗೈಯಲ್ಲಿ ಅಭ್ಯಾಸ ಮಾಡುತ್ತಿದ್ದಾರಂತೆ, ಸೊನ್ನೆ ಚೆನ್ನಾಗಿ ಬರುತ್ತದಂತೆ, ನಾಲ್ಕೇ ಕಷ್ಟ. ಟಿಕೆಟ್ ಮೇ ಕೊನೆಯ ವಾರಕ್ಕೆ.