ಹೊಳೆ ತಳ ತೋರಿಸುವ ಕಾಲ

ಬೇಸಿಗೆಗೆ ಎಲ್ಲಿಗೆ ಹೋಗೋಣ ಎಂದು ಕೇಳಿದವರಿಗೆ ಮಡಿಕೇರಿ, ಚಿಕ್ಕಮಗಳೂರು ಎಂದು ಹೇಳಿಬಿಡುವುದು ಸುಲಭ. ರಾಯಚೂರು ಎಂದರೆ ಬೆಚ್ಚಿಬೀಳುತ್ತಾರೆ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಸೀಮೆಗೆ ಯಾರಾದರೂ ತಾವಾಗಿ ಬರುತ್ತಾರೆಯೇ? ಬರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಶಿವರಾತ್ರಿ ಮುಗಿದ ಮೇಲೆ, ಬಸವ ಜಯಂತಿಯ ಒಳಗೆ, ಬೆಳಗಿನ ಹೊತ್ತು ಬರಬೇಕು. ನಮ್ಮ ಹೊಳೆಗಳು ತಳ ತೋರಿಸುವುದು ಆಗಲೇ.

ರಾಯಚೂರು-ಮಾನ್ವಿ ರಸ್ತೆಯ ಕಲ್ಲೂರನ್ನು ಬಹಳ ಜನ ಬಲ್ಲದ್ದು ಮಹಾಲಕ್ಷ್ಮಿ ಗುಡಿಯಿಂದ. ನನಗೆ ಈ ಊರು ಇನ್ನೊಂದು ಕಾರಣಕ್ಕೆ ಪ್ರಿಯ. ಇಲ್ಲಿ ನಿಂತು ಬಡಗಣಕ್ಕೆ ಹೊರಟರೆ ಕೃಷ್ಣೆ, ತೆಂಕಣಕ್ಕೆ ಹೊರಟರೆ ತುಂಗಭದ್ರೆ. ಎರಡೂ ಗಂಟೆ, ಒಂದೂವರೆ ಗಂಟೆಯ ದಾರಿ. ಇತಿಹಾಸದ ಪುಸ್ತಕಗಳು ರಾಯಚೂರು ದೋಆಬ್ ಎಂದು ಕರೆಯುವ, ವಿಜಯನಗರದವರೂ ಬಹಮನಿಗಳೂ ತಲೆಮಾರುಗಟ್ಟಲೆ ಬಡಿದಾಡಿದ ನೆಲದ ನಡುಮಧ್ಯೆ ಈ ಊರಿದೆ. ಹೀಗಾಗಿ ಒಂದು ವಾರದ ಕೊನೆಯಲ್ಲಿ ಎರಡು ಮಹಾನದಿಗಳನ್ನು ನೋಡುವ ಯೋಜನೆ ಹಾಕಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ತಿಳಿಯದು.

ಮೊದಲ ದಿನ ಕೃಷ್ಣೆಯ ಕಡೆಗೆ. ನಸುಕಿನಲ್ಲೇ ಹೊರಟೆವು. ಬುತ್ತಿಯಲ್ಲಿ ಕಟಿ ರೊಟ್ಟಿ, ಶೇಂಗಾ ಚಟ್ನಿಪುಡಿ, ಮೊಸರು, ಉಳ್ಳಾಗಡ್ಡಿ. ಜೊತೆಗೆ ನೀರಿನ ದೊಡ್ಡ ಕ್ಯಾನು. ಗಬ್ಬೂರಿನ ಹಳೆಯ ಗುಡಿಗಳನ್ನು ದಾಟುವ ಹೊತ್ತಿಗೆ ಪೂರ್ವ ಕೆಂಪಾಗಿತ್ತು. ಕೊಯ್ಲು ಮುಗಿದ ಎರೆಹೊಲಗಳು ಬಾಯಿಬಿಟ್ಟುಕೊಂಡು ಮಲಗಿದ್ದವು. ರಸ್ತೆ ಬದಿಯ ಬೇವಿನ ಮರಗಳು ಮಾತ್ರ ಮೈತುಂಬ ಹೂವು. ಕಿಟಕಿ ಇಳಿಸಿದರೆ ಸಾಕು, ಆ ಕಹಿ ಮರದ ಸಿಹಿ ಗಾಳಿ ಒಳಗೆ ತುಂಬುತ್ತಿತ್ತು. ಗುಡ್ಡದ ಬುಡದಲ್ಲೆಲ್ಲೋ ಒಂದು ಮುತ್ತುಗ, ಎಲೆಯೇ ಇಲ್ಲದೆ ಬರೀ ಕೇಸರಿ.

ದೇವದುರ್ಗ ತಾಲ್ಲೂಕಿನ ಕೊಪ್ಪರ ನರಸಿಂಹನ ಕ್ಷೇತ್ರ. ಕೃಷ್ಣೆಯ ದಂಡೆಯ ಮೇಲೇ ಇದೆ. ನಮಸ್ಕಾರ ಮುಗಿಸಿ ಹೊಳೆಯ ಕಡೆ ತಿರುಗಿದವನು ನಿಂತಲ್ಲೇ ನಿಂತುಬಿಟ್ಟೆ. ಶ್ರಾವಣದಲ್ಲಿ ದಡದಿಂದ ದಡಕ್ಕೆ ಕೆಂಪು ನೀರು ಹೊತ್ತು ಹರಿಯುವ ಹೊಳೆ ಇದೇನಾ? ಎದುರಿಗಿದ್ದದ್ದು ಬಂಡೆಗಳ ಬಯಲು. ನಡುವೆ ಅಲ್ಲಲ್ಲಿ ತಿಳಿನೀರಿನ ಮಡುಗಳು, ಮಡುವಿನಿಂದ ಮಡುವಿಗೆ ಸಣ್ಣಗೆ ಸದ್ದು ಮಾಡುತ್ತ ಜಾರುವ ಝರಿಗಳು. ಈ ಕಣಶಿಲೆಯ ವಯಸ್ಸು ಸುಮಾರು 250 ಕೋಟಿ ವರ್ಷ. ಹಿಮಾಲಯವೆಲ್ಲ ಇದರ ಮುಂದೆ ನಿನ್ನೆ ಮೊನ್ನೆಯದು.

ಬಂಡೆಯ ಮೇಲೆ ಕಾಲಿಟ್ಟ ಮೇಲೆ ಸಮಯ ಹೋದದ್ದೇ ಗೊತ್ತಾಗಲಿಲ್ಲ. ಒಂದೆಡೆ ಬಂಡೆಯಲ್ಲಿ ದುಂಡಗಿನ ಕುಣಿ, ಒರಳಿನಂತೆ ನುಣ್ಣಗೆ. ಮೊಳಕೈ ಮುಳುಗುವಷ್ಟು ಆಳ. ಕೈ ಇಳಿಸಿದೆ. ತಳದಲ್ಲಿ ತಣ್ಣನೆಯ ನೀರು, ನೀರಿನೊಳಗೆ ನಿಂಬೆಗಾತ್ರದ ನಾಲ್ಕಾರು ಗುಂಡುಕಲ್ಲು. ಆ ಕುಣಿಯನ್ನು ತೋಡಿದ್ದು ಇಂಥ ಕಲ್ಲುಗಳೇ. ಮಳೆಗಾಲದ ಸೆಳವು ಸಣ್ಣದೊಂದು ತಗ್ಗಿನಲ್ಲಿ ಕಲ್ಲನ್ನು ಸಿಕ್ಕಿಸಿ ಗರಗರನೆ ತಿರುಗಿಸುತ್ತದೆ. ವರ್ಷ ವರ್ಷವೂ ಕಲ್ಲು ಬಂಡೆಯನ್ನು ತೇಯುತ್ತದೆ, ತಾನೂ ತೇಯುತ್ತದೆ. ಒಂದು ಸವೆದು ಹೋದರೆ ಮುಂದಿನ ಹೊಳೆ ಇನ್ನೊಂದನ್ನು ತಂದು ಹಾಕುತ್ತದೆ. ಎಷ್ಟು ಸಾವಿರ ಮಳೆಗಾಲದ ಕೆಲಸವೋ! ಒಂದು ಕಲ್ಲನ್ನು ಎತ್ತಿ ಅಂಗೈಯಲ್ಲಿ ಹಿಡಿದು ನೋಡಿದೆ, ಮತ್ತೆ ಅಲ್ಲೇ ಇಟ್ಟೆ. ಅದರ ಕೆಲಸ ಇನ್ನೂ ಮುಗಿದಿಲ್ಲ.

ಸ್ವಲ್ಪ ದೂರದಲ್ಲಿ ಟಿಟ್ಟಿಭವೊಂದು ಒಂದೇ ಸಮನೆ ಕೂಗತೊಡಗಿತು. ಅದು ಹಾಗೆ ಕೂಗಿದರೆ ಹತ್ತಿರದಲ್ಲೇ ಮೊಟ್ಟೆ ಇದೆ ಎಂದರ್ಥ. ಹಿಂದೆ ಸರಿದು ಬಂಡೆಯ ಮರೆಯಲ್ಲಿ ಕೂತೆವು. ಬಿಸಿಲು ಏರಿತು. ಹಕ್ಕಿ ನೀರಿನಂಚಿಗೆ ಓಡಿ, ಹೊಟ್ಟೆಯ ಪುಕ್ಕ ನೆನೆಸಿಕೊಂಡು ಬಂದು, ಗೂಡೆಂದು ಹೇಳಲೂ ಆಗದ ಬರಿನೆಲದ ಮೇಲೆ ಕುಳಿತುಕೊಂಡಿತು. ಕಾದ ಕಲ್ಲಿನ ಮೇಲಿನ ಮೊಟ್ಟೆಗಳನ್ನು ಒದ್ದೆ ಎದೆಯಿಂದ ತಂಪು ಮಾಡುತ್ತಿತ್ತು! ಕಾವು ಕೊಡುವ ಹಕ್ಕಿಯನ್ನು ಎಲ್ಲರೂ ಬಲ್ಲರು, ತಂಪು ಕೊಡುವ ಹಕ್ಕಿಯನ್ನು ನೋಡಲು ನಮ್ಮ ಸೀಮೆಯ ಬಿಸಿಲಿಗೇ ಬರಬೇಕು.

ಎರಡನೆಯ ದಿನ ರಾಯಚೂರು ದಾಟಿ ಆತ್ಕೂರಿನ ದಂಡೆಗೆ. ಎದುರಿಗೆ ಕೃಷ್ಣೆಯ ನಡುಗಡ್ಡೆ, ದತ್ತ ಪರಂಪರೆಯ ಶ್ರೀಪಾದ ಶ್ರೀವಲ್ಲಭರ ಕುರುವಪುರ. ನಮ್ಮವರ ಬಾಯಲ್ಲಿ ಕುರುಗಡ್ಡಿ. ದಾಟಲು ಪುಟ್ಟಿ ಸಿಕ್ಕಿತು: ಬಿದಿರಿನ ಹೆಣಿಗೆ, ಹೊರಗೆ ಡಾಂಬರು ಬಳಿದ ಹೊದಿಕೆ. 1520ರ ಸುಮಾರಿಗೆ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ತುಂಗಭದ್ರೆಯಲ್ಲಿ ಕಂಡು ಬರೆದಿಟ್ಟದ್ದು ಇದೇ ದುಂಡು ದೋಣಿಯನ್ನು. ಆಗ ಹೊದಿಕೆ ಚರ್ಮದ್ದು.

"ನಡುವ ಕುಂದರ್ರಿ ಅಣ್ಣಾರ, ಅಲ್ಲಾಡಬ್ಯಾಡ್ರಿ" ಎಂದ ಅಂಬಿಗ.

"ಆಳ ಎಷ್ಟೈತಪ್ಪಾ?"

"ಈಗೇನ್ ಆಳ್ರೀ, ಹುಟ್ಟು ನೆಲಕ್ಕ ತಾಗತೈತಿ. ಆದ್ರ ಮಡಾದಾಗ ಮೊಸಳಿ ಅದಾವ. ಕೈ ಒಳಗ ಇಟ್ಕೋರಿ."

ಪುಟ್ಟಿ ತಿರುತಿರುಗುತ್ತ ಸಾಗಿತು. ಒಮ್ಮೆ ಕರ್ನಾಟಕದ ದಂಡೆ ಮುಂದೆ, ಒಮ್ಮೆ ತೆಲಂಗಾಣದ ದಂಡೆ ಮುಂದೆ. ಬೆಳ್ಳಗಿನ ರೀವ ಹಕ್ಕಿಗಳು ತಲೆಯ ಮೇಲೆ ಸುಳಿದು, ಸಟ್ಟನೆ ನೀರಿಗೆ ಬಿದ್ದು, ಮೀನು ಕಚ್ಚಿ ಏಳುತ್ತಿದ್ದವು. ನಡುಗಡ್ಡೆಯಲ್ಲಿ ಹಳೆಯ ಆಲದ ಮರದ ನೆರಳು. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಹೊಳೆಗಾಳಿ. ಇಡೀ ಮಧ್ಯಾಹ್ನ ಅಲ್ಲೇ ಕಳೆದೆವು.

ಇದೇ ಸೀಮೆಯಲ್ಲಿ 1520ರ ಮೇ 19ರಂದು ಕೃಷ್ಣದೇವರಾಯನಿಗೂ ಇಸ್ಮಾಯಿಲ್ ಆದಿಲ್ ಶಾಹನಿಗೂ ರಾಯಚೂರು ಯುದ್ಧ ನಡೆಯಿತು. ಹೊಳೆ ದಾಟಿ ಬಂದಿದ್ದ ಆದಿಲ್ ಶಾಹನ ಬಿಜಾಪುರದ ಸೈನ್ಯ ಸೋತು ಹಿಂದಕ್ಕೆ ಓಡುವಾಗ ಎಷ್ಟೋ ಜನ ಕೃಷ್ಣೆಯಲ್ಲೇ ಮುಳುಗಿದರು ಎಂದು ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ಬೇಸಿಗೆಯ ನೀರನ್ನು ಕಣ್ಣಾರೆ ನೋಡಿದ ಮೇಲೆ ನನಗೆ ಆ ಮಾತಿನ ಭಾರ ತಿಳಿಯಿತು. ಮೇಲೆ ಇಷ್ಟು ಬಡವಾಗಿ ಕಾಣುವ ಹೊಳೆಯ ಮಡುಗಳು ಬಲು ಆಳ.

ಕೊನೆಗೆ ತುಂಗಭದ್ರೆಗೆ ಹೋದದ್ದು ಮಾನ್ವಿಯ ಮೇಲೆ ಹಾದು, ವಿಜಯದಾಸರು ಹುಟ್ಟಿದ ಚೀಕಲಪರ್ವಿಗೆ. ನೀರ್ಮಾನ್ವಿಯ ಗುಡ್ಡ ದಾಟಿ ಸಾಗಿದಂತೆ ಕಾಲುವೆ ನೀರಿನ ಭತ್ತದ ಗದ್ದೆಗಳು. ಹೊಳೆಯಲ್ಲಿ ಕೃಷ್ಣೆಯ ಗತ್ತಿಲ್ಲ. ಮರಳು, ಮರಳಿನ ನಡುವೆ ಬಳುಕುವ ನೀರಿನ ಎಳೆಗಳು. ಬರಿಗಾಲಿನಲ್ಲಿ ನಡೆದೆವು. ದಾಸರು ದಂಡೆಯ ಮೇಲೆ ಹಾಡುತ್ತ ನಡೆದಾಗಲೂ ಚೈತ್ರದ ಮರಳು ಹೀಗೇ ತಂಪಾಗಿತ್ತೇನೋ. ಮರಳೆತ್ತಿದ ಕುಣಿಗಳನ್ನೂ ಕಂಡೆವು. ಹಕ್ಕಿ ಮೊಟ್ಟೆಯಿಡುವ, ಹೊಳೆ ನೀರು ಇಂಗಿಸಿಕೊಳ್ಳುವ ಆ ಮರಳು ಲಾರಿಯಲ್ಲಿ ಹೋದರೆ ಮರಳಿ ಬರುವುದಿಲ್ಲ. ಅದನ್ನು ನೋಡಿ ಹೊಟ್ಟೆ ಉರಿಯಿತು.

ಬರುವವರಿಗೆ ನನ್ನದೊಂದಿಷ್ಟು ಮಾತು. ಬೆಳಕು ಹರಿಯುವ ಮುಂಚೆ ಹೊರಡಿ, ಹತ್ತು ಗಂಟೆಯೊಳಗೆ ನೆರಳು ಹಿಡಿಯಿರಿ, ಮತ್ತೆ ನಾಲ್ಕರ ಮೇಲೆ ಹೊಳೆಗಿಳಿಯಿರಿ. ಕೃಷ್ಣೆಯ ಮಡುವಿನಲ್ಲಿ ಈಜಬೇಡಿ. ಮೊಸಳೆಯ ಮಾತು ಸುಳ್ಳಲ್ಲ, ಮೇಲಿನ ನಾರಾಯಣಪುರದ ಅಣೆಕಟ್ಟಿನಿಂದ ನೀರು ಬಿಟ್ಟರೆ ಹೊಳೆ ಏರುತ್ತದೆ. ದಂಡೆಯ ಊರಿನವರನ್ನು ಕೇಳದೆ ಬಂಡೆಗಳ ನಡುವೆ ದೂರ ಹೋಗಬೇಡಿ. ಟಿಟ್ಟಿಭ ಕೂಗಿದರೆ ಅಲ್ಲೇ ನಿಂತು ಹಿಂದಕ್ಕೆ ಸರಿಯಿರಿ, ಮೊಟ್ಟೆಗಳು ಕಲ್ಲಿನ ಬಣ್ಣದಲ್ಲೇ ಇರುತ್ತವೆ. ಜೂನ್ ಕಳೆದು ಹೊಳೆ ಬಂದರೆ ಈ ಬಂಡೆಗಳೆಲ್ಲ ಮುಳುಗುತ್ತವೆ. ಯುಗಾದಿಯ ರಜೆಗೇ ಬನ್ನಿ.