ಬುಖಾರಾದ ಇಟ್ಟಿಗೆಯ ಮಿನಾರು

ಬುಖಾರಾ

ತೀರ್ಥರೂಪ ಸಮಾನರಾದ ಅಣ್ಣನವರಿಗೆ,

ಅಲಂಕಾರವು ಗೋಡೆಯ ಮೇಲೆ ಬಳಿದುದಾಗಿರದೆ ಕಟ್ಟುವ ಕ್ರಮದಿಂದಲೇ ಹುಟ್ಟಬೇಕೆಂದು ತಾವು ವಾದಿಸುತ್ತಿದ್ದಿರಷ್ಟೆ. ಆ ವಾದಕ್ಕೆ ಇದಕ್ಕಿಂತ ಪ್ರಬಲವಾದ ಸಾಕ್ಷ್ಯ ದೊರೆಯಲಾರದೆಂದು, ಇಲ್ಲಿಯ ಕಲಾನ್ ಮಿನಾರಿನ ವಿಚಾರವನ್ನು ತುಸು ದೀರ್ಘವಾಗಿಯೇ ಬರೆಯುತ್ತಿದ್ದೇನೆ.

ಕರಾಖಾನಿ ವಂಶದ ಅರ್ಸಲಾನ್ ಖಾನನು ಮೊದಲು ಎತ್ತಿಸಿದ ಮಿನಾರು ಕುಸಿದು ಪಕ್ಕದ ಮಸೀದಿಯ ಒಂದು ಭಾಗವನ್ನೂ ಕೆಡವಿತಂತೆ. ಅನಂತರ 1127ರಲ್ಲಿ ಆಪಾದಮಸ್ತಕ ಸುಟ್ಟ ಇಟ್ಟಿಗೆಯಿಂದಲೇ ಈಗಿನದನ್ನು ಕಟ್ಟಿಸಿದನು. ಬುಡದಲ್ಲಿ ಸುಮಾರು 9 ಮೀಟರು ವ್ಯಾಸವಿದ್ದು, ಏರುತ್ತ ಏರುತ್ತ 6 ಮೀಟರಿಗೆ ಕೃಶವಾಗಿ, ಸುಮಾರು 46 ಮೀಟರು ಎತ್ತರಕ್ಕೆ ನಿಂತಿರುವ ಈ ಸ್ತಂಭಕ್ಕೆ ಗಾರೆಯ ಲೇಪವಿಲ್ಲ; ಇಟ್ಟಿಗೆಯನ್ನು ಅಡ್ಡಲಾಗಿ, ನೆಟ್ಟಗೆ, ಓರೆಯಾಗಿ, ಒಂದನ್ನು ಮುಂಚಾಚಿ ಮತ್ತೊಂದನ್ನು ಒಳಸರಿಸಿ ಕೂರಿಸಿದುದರಿಂದಲೇ, ಬಳೆ ತೊಟ್ಟ ತೋಳಿನಂತೆ, ಪಟ್ಟಿಕೆಯ ಮೇಲೆ ಪಟ್ಟಿಕೆ ಬೇರೆ ಬೇರೆ ವಿನ್ಯಾಸಗಳಲ್ಲಿ ಮೂಡಿದೆ. ಬಿಸಿಲು ತಿರುಗಿದಂತೆ ನೆರಳೂ ತಿರುಗುವುದರಿಂದ, ಬೆಳಗಿನಲ್ಲಿ ಕಂಡ ಚಿತ್ರವು ಸಂಜೆಗೆ ಬೇರೆಯೇ ಆಗಿರುತ್ತದೆ. ಭಾರ ಹೊರುವುದೂ ಸೊಬಗು ಬೀರುವುದೂ ಒಂದೇ ಇಟ್ಟಿಗೆಯ ಕೆಲಸ.

ಒಳಗೆ ಸುರುಳಿ ಮೆಟ್ಟಿಲು. ನೆತ್ತಿಯಲ್ಲಿ 16 ಕಮಾನುಗಳ ಮಂಟಪ. ಅಲ್ಲಿಂದ ನಮಾಜಿಗೆ ಕರೆಯುತ್ತಿದ್ದರು. ಅಲ್ಲಿಂದಲೇ, ಅಮೀರರ ಕಾಲದಲ್ಲಿ, ಮರಣದಂಡನೆಗೆ ಗುರಿಯಾದವರನ್ನು ಕೆಳಕ್ಕೆ ದೂಡುತ್ತಲೂ ಇದ್ದರು. 1220ರಲ್ಲಿ ಚಂಗೀಸ್‌ಖಾನನ ಸೇನೆ ನುಗ್ಗಿದಾಗ ಮಸೀದಿಯು ಭಸ್ಮವಾಯಿತು, ಮಿನಾರು ಉಳಿಯಿತು. ಈಗಿನ ಮಸೀದಿ ಪೂರ್ಣಗೊಂಡದ್ದು 1514ರಲ್ಲಿಯಾದುದರಿಂದ, ಮಿನಾರೇ ಮಸೀದಿಗಿಂತ ಸುಮಾರು ನಾಲ್ಕು ಶತಮಾನ ಹಿರಿದು. 1920ರಲ್ಲಿ ಕೆಂಪುಸೇನೆಯ ಫಿರಂಗಿ ಗುಂಡುಗಳಿಂದ ಘಾಸಿಗೊಂಡ ಭಾಗವನ್ನು ಮುಂದೆ ದುರಸ್ತಿಗೊಳಿಸಿದರು.

ಇದಕ್ಕೆ ಪ್ರತಿಯಾಗಿ, ಬೀದರಿನಲ್ಲಿ ಗಿಲಾನಿನಿಂದ ಬಂದ ಮಹಮೂದ್ ಗವಾನನು 1472ರಲ್ಲಿ ಪೂರೈಸಿದ ಮದರಸಾದ ಮಿನಾರಿನ ಮೇಲೆ ಬಣ್ಣದ ಹೆಂಚುಗಳು ಉದುರಿ ಒಳಗಿನ ಗೋಡೆ ಬಯಲಾಗಿರುವುದನ್ನು ನಾವಿಬ್ಬರೂ ಕಂಡಿದ್ದೇವೆ. ಹೊದಿಕೆಯ ಚೆಲುವು ಹೊದಿಕೆಯೊಡನೆಯೇ ಹೋಗುತ್ತದೆಯೆಂದು ತಾವು ಅಂದು ಹೇಳಿದಿರಿ. ಕಲಾನ್ ಮಿನಾರು ತಮ್ಮ ಪಕ್ಷವನ್ನೇ ಎತ್ತಿಹಿಡಿಯುತ್ತದೆ.

ಆದರೆ ಒಂದು ಆಕ್ಷೇಪವುಂಟು. ಇದೇ ಮಿನಾರಿನ ನೆತ್ತಿಯ ಸನಿಹದಲ್ಲಿ ನೀಲಿ ಮೆರುಗಿನ ಹೆಂಚಿನ ಒಂದೇ ಒಂದು ಪಟ್ಟಿಕೆಯಿದೆ. ಎದುರಿಗಿರುವ ಮೀರ್-ಇ-ಅರಬ್ ಮದರಸಾದ ನೀಲಿ ಗುಮ್ಮಟಗಳನ್ನು ನೋಡಿದರೆ, ಮುಂದಿನವರ ಮನಸ್ಸಿಗೊಪ್ಪಿದ್ದು ಆ ಅಲ್ಪವಾದ ಬಣ್ಣವೇ ಎನಿಸುತ್ತದೆ. ಇಟ್ಟಿಗೆಯಲ್ಲಿ ಇಷ್ಟನ್ನೆಲ್ಲ ಸಾಧಿಸಿದವನಿಗೇ ಬಣ್ಣ ಬೇಕೆನಿಸಿತೆಂದ ಮೇಲೆ, ಬೀದರಿನವರನ್ನು ಆಕ್ಷೇಪಿಸುವುದು ಹೇಗೆ? ತಮ್ಮ ಉತ್ತರವನ್ನು ನಿರೀಕ್ಷಿಸುತ್ತೇನೆ.



ಇತಿ,
ವಿಧೇಯ ಸಹೋದರ