ಗುರುವಾರದ ಹುಡುಗರು

ಪಿಂಪ್ರಿ-ಚಿಂಚವಾಡದ ಕಾರ್ಖಾನೆಗಳಿಗೆ ರಜೆ ರವಿವಾರ ಅಲ್ಲ, ಗುರುವಾರ. 1994ರಲ್ಲಿ ನಾನು ಭೋಸರಿ ಶಾಖೆಗೆ ವರ್ಗವಾಗಿ ಬಂದಾಗ ಇದು ನನಗೆ ವಿಚಿತ್ರ ಅನ್ನಿಸಿತ್ತು. ಆಮೇಲೆ ನಮ್ಮ ಮನೆಯೂ ಗುರುವಾರಕ್ಕೆ ಒಗ್ಗಿಕೊಂಡಿತು. ವಿಜಾಪುರ, ಇಂಡಿ, ಆಳಂದ ಕಡೆಯ ಹುಡುಗರು ಅವತ್ತು ಸಂಜೆ ಬರೋರು. ನನ್ನ ಹೆಂಡತಿ ಮಧ್ಯಾಹ್ನದಿಂದಲೇ ರೊಟ್ಟಿ ಬಡಿಯಲು ಕೂರುತ್ತಿದ್ದಳು. ಊರಿನ ಶೇಂಗಾ ಹಿಂಡಿ ಡಬ್ಬಿ ಒಂದೇ ವಾರದಲ್ಲಿ ಖಾಲಿ.

ಬಂದವರೆಲ್ಲ ಕೇಳೋದು ಒಂದೇ, "ಸಾಹೇಬ್ರ, ಎಲ್ಲ್ಯಾರ ಹಚ್ಚಿ ಕೊಡ್ರಿ." ಬ್ಯಾಂಕಿನ ಸಾಹೇಬರು ಹೇಳಿದರೆ ಮಾಲಕರು ಇಲ್ಲ ಅನ್ನುವುದಿಲ್ಲ ಎಂದು ಅವರ ಎಣಿಕೆ. ಅದು ಸುಳ್ಳೂ ಅಲ್ಲ.

ಐ.ಟಿ.ಐ. ಮುಗಿಸಿ ದೊಡ್ಡ ಕಂಪನಿಗೆ ಅಪ್ರೆಂಟಿಸ್ ಆಗಿ ಸೇರಿದವರ ಠೀವಿಯೇ ಬೇರೆ. 1961ರ ಅಪ್ರೆಂಟಿಸ್ ಕಾಯಿದೆಯ ಪ್ರಕಾರ ಅವರ ಕರಾರು ಸರ್ಕಾರದಲ್ಲಿ ನೋಂದಣಿ ಆಗಬೇಕು, ಸ್ಟೈಪೆಂಡು ಗೊತ್ತುಪಡಿಸಿದ್ದು, ಕೊನೆಗೆ ಪರೀಕ್ಷೆ, ಸರ್ಟಿಫಿಕೇಟು. ನೌಕರಿ ಕೊಡಲೇಬೇಕು ಅಂತ ಮಾಲಕನಿಗೆ ಕಟ್ಟಿಲ್ಲ, ಆದರೆ ಗಾಯವಾದರೆ ಪರಿಹಾರ ಕೊಡಬೇಕು ಅಂತ ಇದೆ. ಇನ್ನು ಸಣ್ಣ ವರ್ಕ್‌ಶಾಪಿಗೆ ಹೋದವರು 'ಟ್ರೈನಿ'ಗಳು. ಈ ಟ್ರೈನಿ ಅನ್ನೋ ಶಬ್ದಕ್ಕೆ ಯಾವ ಕಾಗದವೂ ಇರಲಿಲ್ಲ. ತಿಂಗಳ ಕೊನೆಗೆ ಲಕೋಟೆ, ಅಷ್ಟೇ.

ಕಾಗದದ ಮನುಷ್ಯನಾದ ನನಗೆ ಇದು ಗೊತ್ತಿರಲಿಲ್ಲ ಅಂತ ಹೇಳಿದರೆ ಸುಳ್ಳಾದೀತು. ನಮ್ಮ ಸಾಲಗಾರರೊಬ್ಬರದು ಪ್ರೆಸ್ ಶಾಪು, ತಗಡಿನ ಬಿಡಿಭಾಗ ಮಾಡೋರು. ಹಾಜರಿ ಮಸ್ಟರಿನಲ್ಲಿ ಎಂಟು ಹೆಸರು. ಸ್ಟಾಕ್ ನೋಡಲು ಹೋದಾಗ ನಾನು ಎಣಿಸಿದ್ದು ಹತ್ತೊಂಬತ್ತು ತಲೆ. ಕರೆಂಟು ಬಳಸುವ ಕಾರ್ಖಾನೆಯಲ್ಲಿ ಹತ್ತು ಜನ ಆದರೆ ಇ.ಎಸ್.ಐ. ಬರುತ್ತದೆ, ಎಂಟಕ್ಕೆ ಬರುವುದಿಲ್ಲ. ಉಳಿದ ಹನ್ನೊಂದು ಟ್ರೈನಿಗಳು 'ಇತರೆ ಖರ್ಚು' ಅನ್ನೋ ತಲೆಬರಹದಡಿ ಕೂತಿದ್ದರು. ಸಾಲ ಮಂಜೂರಿಯ ಟಿಪ್ಪಣಿಯಲ್ಲಿ ನಾನು ಬರೆದದ್ದು: ವೇತನದ ವೆಚ್ಚ ಹತೋಟಿಯಲ್ಲಿದೆ. ಅದನ್ನು ಒಳ್ಳೆಯ ಅಂಶಗಳ ಪಟ್ಟಿಗೇ ಸೇರಿಸಿದ್ದೆ. ಎಂ.ಕಾಂ. ಓದಿದ್ದು ಇದಕ್ಕೇ ಇರಬೇಕು.

1997ರಲ್ಲಿ ಅಕ್ಕ ಮಗನನ್ನು ಕರೆದುಕೊಂಡು ಬಂದಳು. "ಮೆಟ್ರಿಕ್ ಫೇಲ್ ಆಗ್ಯಾನ, ನಿನ್ನ ಕೈಯಾಗ ಹಾಕೀನಿ ತಮ್ಮಾ" ಅಂದಳು. ಅವನಿಗೆ ಹತ್ತೊಂಬತ್ತು ವರ್ಷ. ನಾನು ಅದೇ ಪ್ರೆಸ್ ಶಾಪಿಗೆ ಕಳಿಸಿದೆ. ತಿಂಗಳಿಗೆ 1,100 ರೂಪಾಯಿ. ಪರಿಚಯದವರು, ಕಣ್ಣ ಮುಂದೆ ಇರುತ್ತಾನೆ ಅನ್ನೋ ಸಮಾಧಾನ.

ಐದನೇ ತಿಂಗಳು. ಕಾಲಲ್ಲಿ ಪೆಡಲ್ ಒತ್ತಿದರೆ ಇಳಿಯುವ ಪ್ರೆಸ್ಸು. ತಗಡು ಸರಿಮಾಡಲು ಕೈ ಡೈ ಒಳಗಿದ್ದಾಗ ಕಾಲು ಪೆಡಲಿನ ಮೇಲೆ ಬಿತ್ತು. ಬಲಗೈ ತೋರುಬೆರಳು, ನಡುಬೆರಳು, ಎರಡೂ ಅರ್ಧಕ್ಕೆ ಹೋದವು. ಆಸ್ಪತ್ರೆಯಲ್ಲಿ ಅವನು ನನ್ನನ್ನು ಕೇಳಿದ ಮೊದಲ ಮಾತು, "ಮಾಮಾ, ಅವ್ವಗ ಹೇಳಬ್ಯಾಡ್ರಿ."

ಮಾಲಕರು ಕೆಟ್ಟವರಲ್ಲ. ಆಸ್ಪತ್ರೆ ಬಿಲ್ಲು ಕಟ್ಟಿದರು. ಮುಂದಿನ ಮಾತು ಎತ್ತಿದಾಗ, "ಸಾಹೇಬ್, ತೋ ತರ್ ಶಿಕಾವೂ" ಅಂದರು. ಅವನು ಕಲಿಯೋ ಹುಡುಗ ಅಲ್ಲವೇ ಅಂತ. ಹದಿನೈದು ಸಾವಿರ ಲಕೋಟೆಯಲ್ಲಿಟ್ಟು ಕೊಟ್ಟರು. ಮಸ್ಟರಿನಲ್ಲಿ ಹೆಸರಿಲ್ಲದಿದ್ದರೂ ಕೆಲಸ ಮಾಡಿದ್ದು ಸಿದ್ಧಪಡಿಸಿ ಪರಿಹಾರ ಕೇಳುವ ದಾರಿ ಇತ್ತು. ಸಾಕ್ಷಿಗೆ ನಾನೇ ಇದ್ದೆ. ಆದರೆ ಸಾಕ್ಷಿ ಹೇಳಿದರೆ ಹತ್ತೊಂಬತ್ತು ತಲೆ ಎಣಿಸಿಯೂ ಎಂಟು ಅಂತ ಒಪ್ಪಿದವನು ಯಾರು ಎಂಬ ಪ್ರಶ್ನೆ ಬರುತ್ತಿತ್ತು. ನನಗೆ ಬಡ್ತಿಯ ಸಂದರ್ಶನ ಹತ್ತಿರದಲ್ಲಿತ್ತು. ಲಕೋಟೆ ತಗೊಂಡು ಊರಿಗೆ ಹೋಗಿ ಅಕ್ಕನ ಕೈಯಲ್ಲಿ ಕೊಟ್ಟು ಬಂದೆ. ಅವಳು ಎಣಿಸಲಿಲ್ಲ.

ಆಮೇಲೆ ಕಾಯಿದೆ ಬಹಳ ಸಲ ಬದಲಾಯಿತು. 2014ರ ತಿದ್ದುಪಡಿಯಲ್ಲಿ ಮಾಲಕರಿಗಿದ್ದ ಜೈಲು ಶಿಕ್ಷೆ ತೆಗೆದು ದಂಡ ಮಾತ್ರ ಉಳಿಸಿದರು. 2016ರಲ್ಲಿ ಬಂದ ಯೋಜನೆಯಲ್ಲಿ ಸ್ಟೈಪೆಂಡಿನ ಕಾಲುಭಾಗ, ತಿಂಗಳಿಗೆ 1,500 ರೂಪಾಯಿವರೆಗೆ, ಕೇಂದ್ರ ಸರ್ಕಾರವೇ ಭರಿಸತೊಡಗಿತು. 2019ರ ನಿಯಮದಂತೆ ಮೂವತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಕಡೆ ನೂರಕ್ಕೆ ಎರಡೂವರೆಯಾದರೂ ಅಪ್ರೆಂಟಿಸ್‌ಗಳನ್ನು ಇಟ್ಟುಕೊಳ್ಳಲೇಬೇಕು. ಎಂಟು ಜನರ ಶಾಪಿಗೆ ಆ ಕಡ್ಡಾಯ ಇಲ್ಲ.

ಅಳಿಯ ಊರಿಗೆ ಮರಳಲಿಲ್ಲ. ಎಡಗೈಯಲ್ಲಿ ಬರೆಯೋದು ಕಲಿತ, ಸೂಪರ್‌ವೈಸರ್ ಆದ. ಈಗ ಚಿಖಲಿಯಲ್ಲಿ ಅವನದೇ ಎರಡು ಪ್ರೆಸ್ಸುಗಳಿವೆ. ನಾನು ನಿವೃತ್ತನಾಗಿ ನಿಗಡಿಯಲ್ಲೇ ಉಳಿದಿದ್ದೇನೆ. ಹೋದ ಗುರುವಾರ ಬಂದಿದ್ದ, ಜೊತೆಗೆ ಇಂಡಿ ಕಡೆಯ ಇಬ್ಬರು ಹುಡುಗರು. ಟ್ರೈನಿಗಳಂತೆ.

"ಕಾಗದ ಮಾಡೀಯೇನಪಾ?" ಎಂದು ಕೇಳಿದೆ.

"ಎಲ್ಲಿ ಮಾಮಾ, ಇವತ್ತ ಆರ್ಡರ್ ಅದ, ನಾಳೆ ಇಲ್ಲ" ಅಂದ. ತುಸು ತಡೆದು, "ಆದ್ರ ಪೆಡಲ್ ಕಿತ್ತಿ ಒಗದೀನಿ. ಎರಡೂ ಕೈಲೆ ಬಟನ್ ಒತ್ತಿದ್ರನ ಪ್ರೆಸ್ ಇಳೀತದ" ಅಂದ.

ಹುಡುಗರು ರೊಟ್ಟಿ ಮುರಿಯುತ್ತಿದ್ದರು. ನಾನು ಅವರ ಕೈಗಳನ್ನೇ ನೋಡುತ್ತ ಕೂತೆ.